ಗೋಡೆಯ ಮೇಲಿನ ಮಲ್ಲಕ್ಕ

ಹೊಸ ಗೋಡೆಯನ್ನು ಹಳೆಯದು ಮಾಡುವುದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಸಾಯಬಣ್ಣನ ಊರಿನಲ್ಲಿ ಯಾರೂ ನಂಬಲಿಲ್ಲ. ಶಹಾಪುರದ ಕಡೆಯ ಊರು ಅದು. ರಜೆಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ಕುಳಿತ ಹಿರಿಯರು ಕೇಳುವರು, “ಮುಂಬೈದಾಗ ಏನ್ ಕೆಲಸಪಾ ನಿಂದು?” ಇವನು ಹೇಳುವನು, “ಗ್ವಾಡಿ ಹೊಲಸ ಮಾಡೂದ್ರಿ.” “ಅದಕ್ಯಾಕ ಮುಂಬೈಗಿ ಹೋದ್ಯೋ? ನಮ್ಮ ಮನ್ಯಾಗ ಮೊಮ್ಮಕ್ಕಳು ಪುಕ್ಕಟೆ ಮಾಡ್ತಾವಲ್ಲ!” ಎಂದು ಇಡೀ ಕಟ್ಟೆ ನಗುತ್ತಿತ್ತು.

ನಗಲಿ ಬಿಡಿ. ನಕ್ಕವರು ಆ ಶೆಡ್ಡಿಗೆ ಒಮ್ಮೆ ಬಂದು ನೋಡಬೇಕಿತ್ತು. ಕುರ್ಲಾದಲ್ಲಿ ಗ್ಯಾರೇಜುಗಳ ಸಾಲು ದಾಟಿ, ಗುಜರಿ ಅಂಗಡಿಯ ಪಕ್ಕದ ಸಂದಿಯಲ್ಲಿ ಒಳಗೆ ಹೋದರೆ ತಗಡಿನ ಉದ್ದನೆಯ ಶೆಡ್ಡು. ಸೀರಿಯಲ್ಲು, ಸಿನಿಮಾ, ಜಾಹೀರಾತು, ಯಾರಿಗೆ ಏನು ಬೇಕೋ ಆ ಸೆಟ್ಟು ಕಟ್ಟಿ ಕೊಡುವ ಕಾರ್ಖಾನೆ. ಒಂದು ಮೂಲೆಯಲ್ಲಿ ಜೈಲು, ಇನ್ನೊಂದು ಮೂಲೆಯಲ್ಲಿ ಅರಮನೆಯ ಮೆಟ್ಟಿಲು, ನಡುವೆ ಅರ್ಧ ಕೊಯ್ದ ರೈಲು ಡಬ್ಬಿ. ಯಜಮಾನರು ಪ್ರಶಾಂತ ಶೆಟ್ಟರು. ಅವರ ತಂದೆ ಉಡುಪಿ ಕಡೆಯಿಂದ ಬಂದು ಫೋರ್ಟಿನಲ್ಲಿ ಹೋಟೆಲು ನಡೆಸಿದವರು. ಮಗನಿಗೆ ಮಾತ್ರ ಇಡ್ಲಿ ಸಾಂಬಾರಿಗಿಂತ ಪ್ಲೈವುಡ್ಡಿನ ವಾಸನೆ ಹಿಡಿಸಿತು.

ಬಡಗಿಗಳು ಪ್ಲೈವುಡ್ಡಿನ ಗೋಡೆ ನಿಲ್ಲಿಸಿ, ಪೇಂಟರುಗಳು ಬಣ್ಣ ಬಳಿದು ಕೈ ತೊಳೆದುಕೊಂಡ ಮೇಲೆ ಸಾಯಬಣ್ಣನ ಪಾಳಿ. “ಈ ಮನ್ಯಾಗ ಯಾರ್ ಎಲ್ಲಿ ಕೂಡ್ತಾರ?” ಎಂದು ಮೊದಲು ಕೇಳುವನು. ಅಜ್ಜ ಈ ಕುರ್ಚಿಯಲ್ಲಿ ಎಂದರೆ, ಅಜ್ಜನ ತಲೆ ಗೋಡೆಗೆ ತಾಗುವಲ್ಲಿ ಎಣ್ಣೆಯ ಕಲೆ. ಸ್ವಿಚ್ಚಿನ ಸುತ್ತ ಬೆರಳು ಮುಟ್ಟಿ ಮುಟ್ಟಿ ಆದ ಕಪ್ಪು. ದೇವರ ಗೂಡಿನ ಮೇಲೆ ದೀಪದ ಮಸಿ. ಚಹಾದ ನೀರು, ಒದ್ದೆ ಬಟ್ಟೆ, ಚೂರು ಕಂದು ಬಣ್ಣ, ಇಷ್ಟೇ ಅವನ ಸಾಮಾನು. ಮುಂಜಾನೆ ಹುಟ್ಟಿದ ಗೋಡೆಗೆ ಸಂಜೆಯೊಳಗೆ ನಲವತ್ತು ವರ್ಷದ ಸಂಸಾರ ಆಗಿಹೋಗಿರುತ್ತಿತ್ತು. ಸೀರಿಯಲ್ಲಿನವರು ಅವನನ್ನೇ ಬೇಕೆಂದು ಕೇಳುತ್ತಿದ್ದರು.

ಇಂಥ ಮನುಷ್ಯ ಒಂದು ದಸರೆಯ ಬೆಳಿಗ್ಗೆ, ಹಬ್ಬಕ್ಕೆಂದು ಹೊಸ ಅಂಗಿ ತೊಟ್ಟು, ಶೆಡ್ಡಿನ ಬಾಗಿಲಲ್ಲಿ ಕಳ್ಳನ ಹಾಗೆ ಇಣುಕುತ್ತ ನಿಂತಿದ್ದ. ಯಾಕೆ ಎಂದು ಹೇಳಬೇಕಾದರೆ ಗೋಡೆಯ ಮೇಲಿನ ಫೋಟೋಗಳ ಸುದ್ದಿ ಮೊದಲು ಹೇಳಬೇಕು.

ಮನೆಯ ಸೆಟ್ಟು ಎಂದ ಮೇಲೆ ಗೋಡೆಗೆ ಹಾರ ಹಾಕಿದ ಒಂದು ಫೋಟೋ ಬೇಕೇ ಬೇಕು. ಸೀರಿಯಲ್ಲಿನ ಮನೆಯಲ್ಲಿ ಒಬ್ಬರಾದರೂ ಸತ್ತಿರದಿದ್ದರೆ ಸೊಸೆ ಅಳುವುದು ಯಾರ ಮುಂದೆ? ಹಾಗೆಂದು ಎಲ್ಲೋ ಸಿಕ್ಕ ಫೋಟೋ ತೂಗುಹಾಕಿದರೆ ನಾಳೆ ಅವರ ಕಡೆಯವರು ತಕರಾರು ತೆಗೆಯುತ್ತಾರೆ. ಅದಕ್ಕೆ ಶೆಟ್ಟರ ಶೆಡ್ಡಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಫೋಟೋ ಶೆಡ್ಡಿನವರೇ ಕೊಡುವುದು, ತಮ್ಮ ತಮ್ಮ ಮನೆಯ ತೀರಿಹೋದವರದು. ಬಡಗಿ ಕೊರಗನ ಅಜ್ಜ ಎಷ್ಟೋ ಸೀರಿಯಲ್ಲುಗಳಲ್ಲಿ ಜಮೀನ್ದಾರನಾಗಿದ್ದ. ಬದುಕಿದ್ದಾಗ ಪಾಪ, ಅವನ ಹೆಸರಲ್ಲಿ ಒಂದು ತೆಂಗಿನ ಮರವೂ ಇರಲಿಲ್ಲ. ಪೇಂಟರ್ ಸುಭಾಷನ ತಾಯಿ ಬಂಗಲೆಯ ಒಡತಿಯಾಗಿದ್ದಳು. ಸತ್ತ ಮೇಲಾದರೂ ನಮ್ಮವರು ದೊಡ್ಡ ಮನೆ ಸೇರಿದರಲ್ಲ ಎಂದು ಎಲ್ಲರಿಗೂ ಒಳಗೊಳಗೇ ಹಿಗ್ಗು.

ಶೆಟ್ಟರದು ಒಂದೇ ಕಟ್ಟುನಿಟ್ಟು: ಬದುಕಿರುವವರ ಫೋಟೋ ಕೂಡದು. ಜೀವ ಇರುವವರ ಚಿತ್ರಕ್ಕೆ ಹಾರ ಹಾಕಿದರೆ ಆಯುಷ್ಯ ಸವೆಯುತ್ತದೆ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಹೇಳದ ತಾಯಿ ಯಾರಿದ್ದಾರೆ? ವರ್ಷವಿಡೀ ಆ ಫೋಟೋಗಳಿಗೆ ಪ್ಲಾಸ್ಟಿಕ್ ಹಾರ. ದಸರೆಯ ದಿನ ಮಾತ್ರ, ಗರಗಸ ಡ್ರಿಲ್ಲುಗಳಿಗೆ ಪೂಜೆ ಮಾಡುವಾಗ, ಶೆಡ್ಡಿನ ಅಷ್ಟೂ ಸತ್ತವರಿಗೆ ಶೆಟ್ಟರು ಕೈಯಾರೆ ನಿಜವಾದ ಚೆಂಡುಹೂವಿನ ಹಾರ ಹಾಕಿ ಕೈ ಮುಗಿಯುತ್ತಿದ್ದರು.

ಸಾಯಬಣ್ಣನಿಗೆ ಕೊಡಲು ಫೋಟೋ ಇರಲಿಲ್ಲ. ಅವನ ಅಪ್ಪ ಅವ್ವ ಕ್ಯಾಮೆರಾ ಕಾಣದೆ ಹೋದವರು. ಅವನನ್ನು ಬೆಳೆಸಿದ್ದು ಅಕ್ಕ ಮಲ್ಲಕ್ಕ. ಅವಳ ಗಂಡ ಎಷ್ಟೋ ವರ್ಷ ಊರಲ್ಲೇ ಎಮ್ಮೆ ಮೇಯಿಸಿಕೊಂಡು ಉಳಿದ. ಇವಳು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಮುಂಬೈ ರೈಲು ಹತ್ತಿದಳು. ಪರೇಲಿನಲ್ಲಿ ಮಿಲ್ಲುಗಳು ಓಡುತ್ತಿದ್ದ, ಅವುಗಳ ಸುತ್ತ ಬಿಲ್ಡಿಂಗ್ ಏಳುತ್ತಿದ್ದ ಕಾಲ. ತಲೆಯ ಮೇಲೆ ಕಲ್ಲಿನ ಬುಟ್ಟಿ, ನೆರಳಲ್ಲಿ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ತಮ್ಮ. ತಾನು ಚಹಾದಲ್ಲಿ ಪಾವ್ ಅದ್ದಿಕೊಂಡು ತಿಂದು ಅವನಿಗೆ ಅನ್ನ ಉಣಿಸಿದಳು. ಯಾರಾದರೂ “ಮಗಾ ಏನವ್ವಾ?” ಎಂದರೆ “ಹೌದು, ಮಗಾನೂ ಹೌದು” ಎನ್ನುವಳು.

ಅಂಥ ಅಕ್ಕನ ಜೊತೆ ಅವನು ಜಗಳ ತೆಗೆದ. ಅವಳ ಮಗಳು ಶಿವಕುಮಾರಿಯನ್ನು ತನ್ನ ಮಗ ಶರಣುವಿಗೆ ತಂದುಕೊಳ್ಳಬೇಕೆಂದು ಅವನ ಆಸೆ. ಅಕ್ಕನ ಮಗಳು ತಮ್ಮನ ಮನೆಗೆ ಬರುವುದು ಅವರಲ್ಲಿ ಕೇಳದೆಯೇ ಆಗುವ ಮಾತು. ಹುಡುಗಿ ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿದ್ದಳು, ಮಲ್ಲಕ್ಕ ಅವನಿಗೇ ಕೊಟ್ಟು ಕಲ್ಯಾಣದಲ್ಲಿ ಮದುವೆ ಇಟ್ಟುಕೊಂಡಳು. ಸಾಯಬಣ್ಣ ಬೀಗರ ಎದುರಲ್ಲೇ ನಿಂತು ಕೂಗಿದ, “ಇವತ್ತಿಂದ ನನ್ನ ಪಾಲಿಗಿ ನೀ ಸತ್ತಿ!” ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಆದರೂ ಜನ ಕೊಯ್ದುಕೊಳ್ಳುತ್ತಲೇ ಇರುತ್ತಾರೆ.

ಆ ಸಿಟ್ಟು ಇನ್ನೂ ಆರಿರದ ದಿನಗಳಲ್ಲೇ ಒಂದು ಸೆಟ್ಟಿಗೆ ಸತ್ತ ತಾಯಿಯ ಫೋಟೋ ಬೇಕಾಯಿತು. ಸಾಯಬಣ್ಣನ ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿದ್ದ ಫೋಟೋ ಶೆಟ್ಟರ ಕಣ್ಣಿಗೆ ಬಿತ್ತು. ಶರಣುವಿನ ಹುಟ್ಟುಗೂದಲು ತೆಗೆಸಿದ ಜವಳದ ದಿನ ಕುರ್ಲಾ ಸ್ಟೇಷನ್ ಹತ್ತಿರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಇಳಕಲ್ ಸೀರೆಯ ಮಲ್ಲಕ್ಕ, ಕಾಸಗಲ ಕುಂಕುಮ, ಪಕ್ಕದಲ್ಲಿ ತಮ್ಮ. “ಎಂತ ಚಂದದ ಮುಖ ಮಾರಾಯ! ಯಾರಿವರು?” “ನಮ್ಮ ಅಕ್ಕರಿ.” “ಈಗ ಇಲ್ಲವಾ?” ಎಂದು ಶೆಟ್ಟರು ದನಿ ತಗ್ಗಿಸಿ ಕೇಳಿದರು.

ಅವನು ಹೌದೆಂದು ಗೋಣು ಹಾಕಿದ. ಬಾಯಿ ಬಿಟ್ಟು ಸುಳ್ಳು ಹೇಳಲಿಲ್ಲ, ಬರೀ ಗೋಣು ಹಾಕಿದ. ತನ್ನ ಪಾಲಿಗೆ ಇಲ್ಲ ತಾನೇ ಎಂಬ ಮೊಂಡುತನ ಒಂದು ಕಡೆ, ಎಲ್ಲರ ಮನೆಯವರೂ ಗೋಡೆ ಏರಿದರು, ನಮ್ಮದೂ ಒಂದು ಏರಲಿ ಎಂಬ ಚಪಲ ಇನ್ನೊಂದು ಕಡೆ. ಪಕ್ಕದಲ್ಲಿದ್ದ ತಮ್ಮನನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು, ಮಲ್ಲಕ್ಕನನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿ ತಂದರು. ಹಾರವನ್ನು ಸಾಯಬಣ್ಣನೇ ಹಾಕಬೇಕಾಯಿತು. ಅಕ್ಕ ಅವನವಳಲ್ಲವೇ?

ಆ ಸೀರಿಯಲ್ಲು ಓಡಿತು ನೋಡಿ, ಹಾಗೆ ಓಡಿತು. ಮುಂದಿನದೂ ಓಡಿತು. ಅವೆಲ್ಲ ಹಿಂದಿ ಸೀರಿಯಲ್ಲು, ಅಕ್ಕನ ಮನೆಯಲ್ಲೂ ತನ್ನ ಮನೆಯಲ್ಲೂ ನೋಡುವುದು ಕನ್ನಡದ್ದು ಮಾತ್ರ; ಅಷ್ಟರಮಟ್ಟಿಗೆ ಅವನು ಬಚಾವು. “ನಿನ್ನ ಅಕ್ಕನದ್ದು ಕಾಲ್ಗುಣ ಮಾರಾಯ” ಎಂದರು ಶೆಟ್ಟರು. ಯಾವ ಸೆಟ್ಟಿಗೂ ಆ ತಾಯಿಯೇ ಬೇಕು ಎಂದು ಹೊರಗಿನವರೂ ಕೇಳತೊಡಗಿದರು. ಈ ನಡುವೆ ಶಿವಕುಮಾರಿಗೆ ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಲ್ಲಕ್ಕ ತಾನೇ ಅವನ ಚಾಳಿನ ಮನೆಗೆ ಬಂದು, “ಏಳೋ, ಶಿವಕುಮಾರಿ ಸೋದರಮಾವ ಇಲ್ದ ಕೂಸಿಗಿ ಹೆಸರು ಹ್ಯಾಂಗ್ ಇಡಾಲಿ?” ಎಂದು ರಟ್ಟೆ ಹಿಡಿದು ಎಳೆದೊಯ್ದಳು. ಹೋಳಿಗೆ ಉಂಡ, ಸಿಟ್ಟು ಹೋಯಿತು. ಫೋಟೋ ಎಲ್ಲಿ ಹೋಗಬೇಕು? ಒಂದು ಸಲ ಧೈರ್ಯ ಮಾಡಿ ಶೆಡ್ಡಿನ ಹಿಂದೆ ಒಯ್ದು ಸುಟ್ಟೂ ಸುಟ್ಟ. ವಾರ ಕಳೆಯುವುದರಲ್ಲಿ ಕಂಪ್ಯೂಟರಿನಿಂದ ಇನ್ನೂ ದೊಡ್ಡದು ಬಂತು.

ನಿಜ ಹೇಳಿಬಿಡಬಹುದಿತ್ತು ಎನ್ನುತ್ತೀರಿ. ಹೇಳುವುದು ಸುಲಭವೇ? ಶೆಟ್ಟರು ವರ್ಷ ವರ್ಷ ಕೈ ಮುಗಿದ ದೇವರು ಕಲ್ಯಾಣದಲ್ಲಿ ಮೊಮ್ಮಗುವಿನ ಲಂಗೋಟಿ ತೊಳೆಯುತ್ತಿದ್ದಾಳೆ ಎಂದು ಯಾವ ಬಾಯಿಂದ ಹೇಳುವುದು? ಇವತ್ತು ಹೇಳೋಣ ನಾಳೆ ಹೇಳೋಣ ಎನ್ನುವುದರಲ್ಲಿ ಮಲ್ಲಕ್ಕ ಕುರ್ಲಾ ಸ್ಟೇಷನ್ನಿನ ಸೇತುವೆ ಹತ್ತುವಾಗ ಉಸಿರು ಕಟ್ಟಿ ಕುಳಿತುಬಿಟ್ಟಳು. ಆಮೇಲೆ ಕಾಲು ಬಾತವು. ಮೈ ಇಳಿಯಿತು. ಪರೇಲಿನ ದೊಡ್ಡ ಆಸ್ಪತ್ರೆಯವರು ಹೃದಯದ ಕವಾಟ ಕೆಟ್ಟಿದೆ, ಎದೆ ಕೊಯ್ದು ಬದಲಿಸಬೇಕು ಎಂದರು. ದಸರೆ ಕಳೆದ ಬುಧವಾರಕ್ಕೆ ಆಪರೇಷನ್ ಗೊತ್ತಾಯಿತು.

ಹರೆಯದಲ್ಲಿ ಬಿಸಿಲು ಮಳೆಯಲ್ಲಿ ಕಲ್ಲು ಹೊತ್ತವಳು, ವಯಸ್ಸಾಯಿತು, ಕಾಯಿಲೆ ಬಂತು ಎಂದು ಲೋಕ ತಿಳಿಯಿತು. ಸಾಯಬಣ್ಣ ಮಾತ್ರ ಹಾಗೆ ತಿಳಿಯಲಿಲ್ಲ. ಹಾರ ಹಾಕಿದವನು ತಾನು. ಒಂದೊಂದು ಸೆಟ್ಟಿಗೂ ಒಂದೊಂದು ಹಾರ, ಒಂದೊಂದು ಹಾರಕ್ಕೂ ಅಕ್ಕನ ಒಂದೊಂದು ತುತ್ತು ಆಯುಷ್ಯ. ಊಟಕ್ಕೆ ಕುಳಿತರೆ ಅದೇ, ಲೋಕಲ್ ರೈಲಿನ ಕಂಬಿ ಹಿಡಿದು ನಿಂತರೂ ಅದೇ. “ಆಸ್ಪತ್ರಿಗಿ ಹೆದರಬ್ಯಾಡ, ಎಲ್ಲಾ ಛಲೋ ಆಗ್ತದ” ಎಂದು ಹೆಂಡತಿ ಲಕ್ಷ್ಮವ್ವ ಸಮಾಧಾನ ಹೇಳಿದರೆ ಅವನಿಗೆ ಮತ್ತಷ್ಟು ಸಂಕಟ. ಕೊಂದವನಿಗೆ ಸಮಾಧಾನ ಯಾರು ಹೇಳುತ್ತಾರೆ?

ಅದೇ ಲಕ್ಷ್ಮವ್ವ ಹಬ್ಬದ ಹಿಂದಿನ ಸಂಜೆ ನಗುನಗುತ್ತ ಬಾಂಬು ಹಾಕಿದಳು. “ನಾಳಿ ಶೆಡ್ಡಿನ ಪೂಜಾಕ್ಕ ಈ ವರ್ಷ ಮನಿ ಮಂದಿನೆಲ್ಲ ಕರದಾರಲ್ಲ, ಮಲ್ಲಕ್ಕನ್ನೂ ಕರಕೊಂಡ್ ಬರ್ತೀನಿ. ‘ನನ್ನ ತಮ್ಮ ಏನ್ ಕೆಲಸ ಮಾಡ್ತಾನ ಒಂದಿನಾನೂ ನೋಡಿಲ್ಲ, ಎದಿ ಕೊಯ್ಯೂಕಿಂತ ಮೊದಲ ನೋಡ್ಬೇಕು’ ಅಂದಾಳ.”

ಹೀಗಾಗಿ, ಅಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಫೋಟೋ ಇಳಿಸಿ ಪ್ಲೈವುಡ್ಡಿನ ಹಿಂದೆ ಬಚ್ಚಿಡಬೇಕೆಂದು ಸಾಯಬಣ್ಣ ಹೊರಟಿದ್ದ. ಬಾಗಿಲಲ್ಲಿ ಇಣುಕಿದರೆ ಶೆಟ್ಟರು ಅವನಿಗಿಂತ ಮೊದಲೇ ಬಂದು, ಹೂವಿನ ಬುಟ್ಟಿ ಇಟ್ಟುಕೊಂಡು, ಕುರ್ಚಿ ಹತ್ತಿ ನಿಂತಿದ್ದಾರೆ. ಶೆಡ್ಡಿನ ತುದಿಯಲ್ಲಿ ಹೊಸದಾಗಿ ಕಟ್ಟಿದ ಮನೆಯ ಪಡಸಾಲೆ. ಅದರ ನಡುಗೋಡೆಯ ಮೇಲೆ ಮಲ್ಲಕ್ಕ, ಆಗಲೇ ಕೊರಳ ತುಂಬ ಕಿತ್ತಳೆ ಬಣ್ಣದ ಹಾರ. “ಬಾ ಬಾ. ಮೊದಲ ಹಾರ ನಿನ್ನ ಅಕ್ಕನಿಗೇ” ಎಂದರು. ಶೆಟ್ಟರು ಆಚೆ ಹೋದದ್ದೇ ತಡ, ದೂಳಿಗೆ ಹೊದಿಸುವ ದೊಡ್ಡ ಬಟ್ಟೆ ತಂದು ಪಡಸಾಲೆಯ ಮುಂಭಾಗವನ್ನೆಲ್ಲ ಮುಚ್ಚಿದ. ಕೇಳಿದವರಿಗೆ “ಬಣ್ಣ ಇನ್ನಾ ಹಸಿ ಅದ” ಎಂದ. ಬಣ್ಣದ ವಿಷಯದಲ್ಲಿ ಅವನ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ.

ಪೂಜೆಗೆ ಇನ್ನೂ ಹೊತ್ತಿರುವಾಗ ಲಕ್ಷ್ಮವ್ವ ಮಲ್ಲಕ್ಕನನ್ನು ರಿಕ್ಷಾದಿಂದ ಇಳಿಸಿದಳು. ಅಬ್ಬಾ, ಎಷ್ಟು ಇಳಿದುಹೋಗಿದ್ದಾಳೆ! ತಲೆ ಪೂರ್ತಿ ಬಿಳಿ, ಕೆನ್ನೆ ಒಳಗೆ, ಕುಪ್ಪಸ ಸಡಿಲ. ಫೋಟೋದ ಹೆಂಗಸಿಗೂ ಇವಳಿಗೂ ಹೋಲಿಕೆ ಹುಡುಕಬೇಕು. ತಮ್ಮನ ಕೈಗೆ ಬನ್ನಿ ಎಲೆ ಇಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರಪಾ” ಎಂದಳು. ಅವನು ಅವಳ ಕಾಲು ಮುಟ್ಟಿದ. ಬಗ್ಗಿದವನಿಗೆ ಮೇಲೆ ಏಳುವುದು ಕಷ್ಟವಾಯಿತು.

ಅಷ್ಟರಲ್ಲಿ ಶೆಟ್ಟರು ಬಂದರು. “ಯಾರು ಸಾಯಬಣ್ಣ ಇವರು?” ಲಕ್ಷ್ಮವ್ವ ಬೇರೆ ಹೆಂಗಸರ ಕಡೆ ಹೋಗಿಬಿಟ್ಟಿದ್ದಳು. ಹೇಳಬೇಕಾದವನು ಅವನೊಬ್ಬನೇ. ಬಾಯಿ ತೆರೆದ, “ಇವರು… ನಮ್ಮ ಊರ ಕಡ್ಯಾರ್ರಿ” ಎಂದ. ಮಲ್ಲಕ್ಕ ಅವನ ಮುಖ ನೋಡಿದಳು. ಏನೋ ದೊಡ್ಡವರ ಮುಂದೆ ಹುಡುಗನಿಗೆ ಸಂಕೋಚ ಎಂದುಕೊಂಡಿರಬೇಕು, ಸುಮ್ಮನಾದಳು. ಅವನಿಗೆ ಮಾತ್ರ ತನ್ನ ನಾಲಗೆ ಕಿತ್ತು ಹಾಕುವಷ್ಟು ನಾಚಿಕೆ. ಮೊದಲು ಕೊಂದದ್ದು ಸಾಲದೆ, ಎದುರಿಗೆ ನಿಂತವಳನ್ನು ಯಾರೋ ಎಂದುಬಿಟ್ಟ.

ಶೆಡ್ಡು ತೋರಿಸಲು ಕರೆದುಕೊಂಡು ಹೋದ. ಪಡಸಾಲೆಯ ಕಡೆ ಬೆನ್ನು ಹಾಕಿಸಿ, ಜೈಲಿನ ಕಡೆಯಿಂದ ಶುರು ಮಾಡಿದ. ಮಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಪ್ರತಿಯೊಂದನ್ನೂ ಮುಟ್ಟಿ ನೋಡಿದಳು. ಸರಳುಗಳು ಕಬ್ಬಿಣ ಅಲ್ಲ, ಪೈಪು. ಅರಮನೆಯ ಮೆಟ್ಟಿಲು ಹತ್ತಿ ಹೋದರೆ ಮೇಲೆ ಅರಮನೆಯೇ ಇಲ್ಲ. “ಇಷ್ಟ್ ಛಂದನ ಬಾಗಿಲಾ ಮಾಡೀರಿ, ಹಿಂದ ಮನೀನ ಇಲ್ಲಲ್ಲೋ ಖೋಡಿ!” ಎಂದು ನಕ್ಕಳು. ಗುಡ್ಡದ ಸೆಟ್ಟಿಗೆಂದು ಮಾಡಿಟ್ಟ ಒಂದು ಬಂಡೆ ಬಿದ್ದಿತ್ತು. ಥರ್ಮೋಕೋಲ್ ಕೆತ್ತಿ ಬಣ್ಣ ಹೊಡೆದದ್ದು. ಹಳೆಯ ಅಭ್ಯಾಸದಿಂದ ಅವಳು ಕಾಲು ಅಗಲಿಸಿ, ಉಸಿರು ಹಿಡಿದು, ಎರಡೂ ಕೈ ಹಾಕಿ ಎತ್ತಿದಳು. ಬಂಡೆ ತಲೆಯ ಮೇಲೆ ಹಾರಿತು. ಅವಳಿಗೆ ನಗು ತಡೆಯಲಾಗಲಿಲ್ಲ.

“ಎವ್ವಾ! ಇಂಥ ಕಲ್ಲು ಪರೇಲದಾಗ ಯಾಕ ಕೊಡಲಿಲ್ಲೋ ನನಗ? ನಡಾ ಉಳೀತಿತ್ತು.” ನಕ್ಕು ನಕ್ಕು ಉಸಿರು ಸಿಕ್ಕಿ ಕೆಮ್ಮಿದಳು. ಸಾಯಬಣ್ಣ ಬೆನ್ನು ನೀವಿದ. ಬೆನ್ನಿನ ಮೂಳೆಗಳು ಕೈಗೆ ಒಂದೊಂದಾಗಿ ತಾಗಿದವು. ನೀ ಹೊತ್ತ ಕಲ್ಲು ನಿನ್ನನ್ನು ಕೊಲ್ಲಲಿಲ್ಲ, ನಾ ಹಾಕಿದ ಹೂವು ಕೊಲ್ಲುತ್ತಿದೆ ಎಂದು ಅವನ ಮನಸ್ಸು ಚೀರಿತು. ಬಾಯಿ ಮಾತ್ರ “ಚಾ ಕುಡೀತೀಯೇನಕ್ಕ? ಹೊರಗ ಹೋಗೂಣು ನಡಿ” ಎಂದಿತು.

“ಚಾ ಹಿಂದಾಗಡಿ. ನೀ ಹೊಲಸ ಮಾಡಿದ್ದ ಗ್ವಾಡಿ ಎಲ್ಲಿ? ಅದನ್ನ ನೋಡ್ಲಾಕ ಬಂದೀನಿ ನಾ.”

“ಅದು ಬಣ್ಣ ಹಸಿ ಅದಕ್ಕ…”

“ಎಂತ ಹಸಿ ಮಾರಾಯ?” ಹಿಂದಿನಿಂದ ಶೆಟ್ಟರ ದನಿ. “ನಿನ್ನೆ ಸಂಜೆಗೇ ಒಣಗಿದ್ದನ್ನು ನಾನು ಮುಟ್ಟಿ ನೋಡಿದ್ದೇನೆ. ಊರಿನವರು ಬಂದಿದ್ದಾರೆ, ನಿನ್ನ ಒಳ್ಳೇ ಕೆಲಸವನ್ನೇ ಮುಚ್ಚಿಡುವುದಾ? ಬನ್ನಿ ಅಮ್ಮ, ನಾನು ತೋರಿಸ್ತೇನೆ.” ಸಾಯಬಣ್ಣ ಅಡ್ಡ ಹೋಗುವಷ್ಟರಲ್ಲಿ ಅವರು ಬಟ್ಟೆಯ ತುದಿ ಹಿಡಿದು ಜಗ್ಗಿದರು. ಇಡೀ ಬಟ್ಟೆ ಜಾರಿ ಕೆಳಗೆ ಬಿತ್ತು.

ಹಳೆಯ ಮನೆಯ ಪಡಸಾಲೆ. ಮಂಚ, ಕುರ್ಚಿ, ದೇವರ ಗೂಡು, ಮಸಿ, ಕಲೆ. ನಡುಗೋಡೆಯ ಮೇಲೆ, ಹೂವಿನ ಹಾರದ ಒಳಗಿನಿಂದ, ಮಲ್ಲಕ್ಕ ಮಲ್ಲಕ್ಕನನ್ನು ನೋಡುತ್ತಿದ್ದಳು.

ಸಾಯಬಣ್ಣ ಬಗ್ಗಿ ಬಿದ್ದ ಬಟ್ಟೆಯ ತುದಿ ಹಿಡಿದುಕೊಂಡ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ. ಶೆಟ್ಟರು ಫೋಟೋಕ್ಕೆ ಕೈ ಮುಗಿದರು. “ಇವರು ಸಾಯಬಣ್ಣನ ಅಕ್ಕ. ತೀರಿಹೋಗಿ ಸುಮಾರು ವರ್ಷ ಆಯ್ತಂತೆ. ನಮ್ಮ ಶೆಡ್ಡಿಗೆ ಇವರೇ ಲಕ್ಷ್ಮಿ. ಇವರ ಫೋಟೋ ಇಟ್ಟ ಸೆಟ್ಟು ಒಂದೂ ಮುಳುಗಿದ್ದಿಲ್ಲ. ನೀವು ಒಂದೇ ಊರಿನವರಲ್ವಾ, ನಿಮಗೆ ಪರಿಚಯ ಇರಬೇಕು?”

ಮಲ್ಲಕ್ಕ ಫೋಟೋವನ್ನು ನೋಡಿದಳು. ತಮ್ಮನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಮತ್ತೆ ಫೋಟೋದ ಕಡೆ ತಿರುಗಿದಳು.

“ಪರಿಚಯ ಇಲ್ದೇನ್ರಿ. ಭಾಳ ಅದ” ಎಂದಳು.

“ಹೇಗಿದ್ದರು?”

“ಬಾಯಿ ಜೋರಿತ್ರಿ. ಆದ್ರ ತಮ್ಮ ಅಂದ್ರ ಜೀವಾ ಬಿಡ್ತಿದ್ಲು. ಮಂದೀ ಮುಂದ ಮಗಾ ಅಂತಿದ್ಲು.”

“ಹೌದಾ! ಹೇಗೆ ತೀರಿಕೊಂಡದ್ದು? ಇವ ಆ ಸುದ್ದಿ ಎತ್ತುವುದೇ ಇಲ್ಲ, ಎತ್ತಿದರೆ ಮುಖ ಸಪ್ಪೆ ಮಾಡ್ತಾನೆ.”

“ಒಂದ್ ಮಾತಿಗಿ ಹೋದ್ಲ್ರಿ” ಎಂದಳು ಮಲ್ಲಕ್ಕ. “ನಳ್ಳಲಿಲ್ಲ, ನರಳಲಿಲ್ಲ. ಯಾರಿಗೂ ತ್ರಾಸ ಕೊಡಲಿಲ್ಲ.”

“ಪುಣ್ಯವಂತೆ” ಎಂದು ಶೆಟ್ಟರು ನಿಟ್ಟುಸಿರು ಬಿಟ್ಟರು. ಪೂಜೆಯ ಕಡೆಯಿಂದ ಯಾರೋ ಕರೆದರು, ಈಗ ಬರುತ್ತೇನೆಂದು ಹೋದರು. ಮಲ್ಲಕ್ಕ ತನ್ನನ್ನು ಹಿಡಿದುಕೊಟ್ಟಿದ್ದರೆ, ನಾಲ್ಕು ಜನರ ನಡುವೆ ಕಪಾಳಕ್ಕೆ ಹೊಡೆದಿದ್ದರೆ ಸಾಯಬಣ್ಣ ತಡೆದುಕೊಳ್ಳುತ್ತಿದ್ದ. ಅವಳು ಅವನ ಮಾನ ಕಾಪಾಡಿದಳು. ಅದನ್ನು ತಡೆದುಕೊಳ್ಳುವುದು ಅವನಿಂದ ಆಗಲಿಲ್ಲ.

ಮಲ್ಲಕ್ಕ ಹೋಗಿ ಸೆಟ್ಟಿನ ಮಂಚದ ಮೇಲೆ, ತನ್ನದೇ ಫೋಟೋದ ಕೆಳಗೆ ಕುಳಿತಳು. ಆಮೇಲೆ ಗೋಡೆಯ ಕಡೆ ಗದ್ದ ಎತ್ತಿ ಕೇಳಿದಳು, “ಶರಣ್ಯಾನ ಜವಳದಾಗ ತಗಸಿದ್ದಲ್ಲ ಇದು? ನನ್ನ ಬಾಜೂಕ ನೀ ನಿಂತಿದ್ದಿ. ನೀ ಎಲ್ಲಿ ಹೋದಿ?”

“ಕತ್ತರಿಸಿ ತಗದಾರಕ್ಕ.”

“ಹಾರಾ ನನಗ, ಕತ್ತರಿ ನಿನಗ. ಇಬ್ಬರದೂ ಒಮ್ಮಿಗೇ ಮುಗಸೀದಿ ಬಿಡು.”

ಅವನು ಅವಳ ಕಾಲ ಹತ್ತಿರ ಕುಸಿದ. “ಯಕ್ಕಾ, ತಪ್ಪಾತು. ಸಿಟ್ಟಿನಾಗ ಗೋಣು ಹಾಕಿಬಿಟ್ಟೆ. ನನ್ನ ಕೈಯಾರೆ ಹಾರಾ ಹಾಕೀನಿ, ಅದಕ್ಕ ನಿನಗ ಈ ಜಡ್ಡು ಬಂದದ. ನಾನ ನಿನ್ನ ಆಯುಷ್ಯ ತಿಂದೀನಿ. ಈಗ ಹೋಗಿ ಶೆಟ್ರ ಮುಂದ ಎಲ್ಲಾ ಹೇಳ್ತೀನಿ, ಕೆಲಸ ಹೋದ್ರ ಹೋಗ್ಲಿ…” ಎಂದು ಏಳಹೋದ.

“ನಿಂದ್ರು.” ಮಲ್ಲಕ್ಕ ಅವನ ಅಂಗಿ ಹಿಡಿದಳು. “ಅದು ಇರಲಿ. ನಾ ಸತ್ತೀನಿ ಅಂತ ಹೇಳಿದ್ಯಲ್ಲ, ಆವಾಗ ನೀ ಅತ್ತಿದ್ದೇನು?”

ಅವನಿಗೆ ಅರ್ಥವಾಗಲಿಲ್ಲ. “ಏನಕ್ಕ?”

“ಸುಳ್ಳು ಸಾವಿನ ಸುದ್ದಿ ಹೇಳಿದ್ರ ಆಯುಷ್ಯ ಹೋಗೂದಿಲ್ಲೋ ಹುಚ್ಚಪ್ಯಾಲಿ, ಬರ್ತದ. ನಮ್ಮ ಆಯಿ, ಅಪ್ಪನ ಅವ್ವ, ಆಕಿ ತಲಿ ಮ್ಯಾಲ ಒಂದಿನ ಕಾಗಿ ಕುಂತಿತ್ತು. ನೀ ಇನ್ನಾ ಹುಟ್ಟಿದ್ದಿಲ್ಲ. ಕಾಗಿ ಕುಂತ್ರ ಸಾವು ಬಂತು ಅಂತ ಅಪ್ಪ ಆಕಿ ಅಣ್ಣನ ಊರಿಗಿ, ‘ನಿಮ್ಮ ತಂಗಿ ಹ್ವಾದ್ಲು’ ಅಂತ ಸುಳ್ಳೇ ಹೇಳಿ ಕಳಿಸಿದ. ಮುದುಕ ಎದಿ ಎದಿ ಬಡ್ಕೊಂಡು, ಕಾಲಾಗ ಚಪ್ಪಲಿ ಇಲ್ದ, ಹೊಲದಾಗ ಹಾಯ್ದು ಅಳಕೋತ ಬಂದ. ಬಂದು ನೋಡ್ತಾನ, ತಂಗಿ ಕುಂತು ರೊಟ್ಟಿ ಬಡೀಲಾಕತ್ತಾಳ! ಎಲ್ಲಾರಿಗೂ ಬೈದ, ಅದೇ ರೊಟ್ಟಿ ಉಂಡ. ಅಂವಾ ಅತ್ತಿದ್ದಕ್ಕ ಆಯಿ ಸಾವು ತಿರಗಿ ಹೋತು. ಮುಂದ ನನ್ನ ಲಗ್ನಾನೂ ನೋಡಿದ್ಲು.” ಅವಳು ಉಸಿರು ತೆಗೆದುಕೊಂಡಳು. “ಸುದ್ದಿ ಕೇಳಿ ರಕ್ತ ಸಂಬಂಧದಾಂವ ಒಬ್ಬನಾರ ಅಳಬೇಕು. ಅತ್ರ ಅದು ಸುಳ್ಳಾಗ್ತದ. ಯಾರೂ ಅಳಲಿಲ್ಲ ಅಂದ್ರ ಅದು ಸುಳ್ಳಾಗೂದಿಲ್ಲ. ಹೇಳು, ನೀ ಅತ್ತಿದ್ದೇನು?”

ಸುಳ್ಳು ಹೇಳಬಹುದಿತ್ತು. ಹೌದಕ್ಕ, ಅತ್ತಿದ್ದೆ ಎಂದಿದ್ದರೆ ಅವಳು ನಂಬುತ್ತಿದ್ದಳು, ನೆಮ್ಮದಿಯಿಂದ ಬುಧವಾರ ಆಸ್ಪತ್ರೆಗೆ ಹೋಗುತ್ತಿದ್ದಳು. ಆದರೆ ಆ ದಿನ ಅವನಿಗೆ ನೆನಪಿತ್ತು. ಹಾರ ಹಾಕಿ, ಕೈ ಒರೆಸಿಕೊಂಡು, ಒಂದು ಕ್ಷಣ ಖುಷಿಯಿಂದಲೇ ದೂರ ನಿಂತು ನೋಡಿದ್ದ. ಚೆನ್ನಾಗಿ ಕಾಣುತ್ತದೆ ಎಂದುಕೊಂಡಿದ್ದ.

“ಇಲ್ಲಕ್ಕ” ಎಂದ. “ಅಳಲಿಲ್ಲ.”

ಮಲ್ಲಕ್ಕನ ಮುಖದಲ್ಲಿ ಅಷ್ಟು ಹೊತ್ತೂ ಇದ್ದ ಗಟ್ಟಿತನ ಆಗ ಇಳಿಯಿತು. ಫೋಟೋ ಕಂಡಾಗ ಆಗದ ನೋವು ಈ ಒಂದು ಮಾತಿಗೆ ಆಯಿತು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, ಚಿಕ್ಕಂದಿನಲ್ಲಿ ಅವನಿಗೆ ಔಷಧಿ ಕುಡಿಸುವಾಗ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು, “ಹಂಗಾದ್ರ ಈಗ ಅಳು.”

“ಯಕ್ಕಾ…”

“ಬುಧವಾರ ಕೊ‌ಯ್ಯೂದು ಅದ. ಇನ್ನಾ ಹೊತ್ತು ಮೀರಿಲ್ಲ. ನಾ ಸತ್ತೀನಿ. ಅಲ್ಲಿ ನೋಡು, ಹಾರಾ ಹಾಕ್ಯಾರ. ಅಳು.”

ಅವನು ಪ್ರಯತ್ನ ಮಾಡಿದ. ವರ್ಷಗಟ್ಟಲೆ ಒಳಗೇ ಕೂತಿದ್ದದ್ದು ಬರಬೇಕಾದಾಗ ಬರಲೊಲ್ಲದು. ಕಣ್ಣು ಉರಿಯಿತು, ಒಣಗಿಯೇ ಉಳಿಯಿತು. ಮಲ್ಲಕ್ಕ ಕಾದಳು. ಕಾದು ಕಾದು, “ಬರೂದಿಲ್ಲೇನು? ಹೋಗ್ಲಿ ಬಿಡು” ಎಂದು ಸಣ್ಣಗೆ ಹೇಳಿ ಎದ್ದಳು. ಎದ್ದವಳಿಗೆ ಉಸಿರು ಸಿಗಲಿಲ್ಲ. ಆಸರೆಗೆಂದು ಹಿಂದಿನ ಗೋಡೆಗೆ ಕೈ ಊರಿದಳು. ಪ್ಲೈವುಡ್ಡಿನ ಗೋಡೆ, ಗಡಗಡ ಅಲುಗಿ ಹಿಂದಕ್ಕೆ ವಾಲಿತು; ಅವಳು ಮುಗ್ಗರಿಸಿದಳು. ಸಾಯಬಣ್ಣ ಹಾರಿ ಹಿಡಿದುಕೊಂಡ. ಅವಳ ಇಡೀ ಮೈ ಅವನ ತೋಳಿಗೆ ಬಂತು. ಭಾರವೇ ಇರಲಿಲ್ಲ. ಬುಟ್ಟಿ ಕಲ್ಲು ಹೊತ್ತು ಬಿಲ್ಡಿಂಗಿನ ಏಣಿ ಹತ್ತಿದವಳಲ್ಲಿ, ಅವನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳಲ್ಲಿ ಭಾರವೇ ಉಳಿದಿರಲಿಲ್ಲ.

ಆಗ ಬಂತು. ಹೊಟ್ಟೆಯ ಆಳದಿಂದ ಬಂತು. ಗಂಡಸು, ವಯಸ್ಸಾದವನು, ಹಬ್ಬದ ಅಂಗಿ ತೊಟ್ಟವನು ಎಂಬುದೆಲ್ಲ ಮರೆತು ಅವನು “ಯಕ್ಕಾ, ಯಕ್ಕಾ” ಎಂದು ಹೋ ಎಂದು ಅತ್ತ. ತಗಡಿನ ಶೆಡ್ಡು ತುಂಬ ಅವನದೇ ದನಿ. ಗಂಟೆ ಬಾರಿಸುತ್ತಿದ್ದವರು ನಿಲ್ಲಿಸಿದರು. ಆರತಿ ತಟ್ಟೆ ಹಿಡಿದುಕೊಂಡೇ ಶೆಟ್ಟರು ಓಡಿ ಬಂದರು, ಅವರ ಹಿಂದೆ ಲಕ್ಷ್ಮವ್ವ, ಕೊರಗ, ಸುಭಾಷ.

“ಎಂತ ಆಯ್ತು? ಸಾಯಬಣ್ಣ, ಎಂತ ಆಯ್ತು ಮಾರಾಯ?”

ಸಾಯಬಣ್ಣ ತಲೆ ಎತ್ತಿದ. “ಶೆಟ್ರ, ನಾ ನಿಮಗ ಒಂದ್ ಮಾತು…” ಎಂದು ಶುರು ಮಾಡಿದ.

ಮಲ್ಲಕ್ಕ ಅವನ ತಲೆಯನ್ನು ಒತ್ತಿ ತನ್ನ ಹೆಗಲಿಗೆ ಆನಿಸಿಕೊಂಡಳು. ಅವನ ಬಾಯಿ ಅವಳ ಸೆರಗಿನಲ್ಲಿ ಮುಚ್ಚಿಹೋಯಿತು.

“ಏನಿಲ್ರಿ” ಎಂದಳು ಶೆಟ್ಟರಿಗೆ. “ಅವರಕ್ಕ ಸತ್ತಾಳ್ರಿ. ಅಳ್ಲಾಕತ್ತಾನ. ಅಳ್ಲಿ ಬಿಡ್ರಿ.”